ಶಾವಿಗೆ ಬಿಲ್ಲೆಗೆ ನಾನು ಬರೆದ ನಕ್ಷೆ

ಹಾಸನದಲ್ಲಿ ನಾನಿರುವ ಬಾಡಿಗೆ ಮನೆಯ ದೇವರ ಗೂಡಿನಲ್ಲಿ ಊದುಬತ್ತಿ ಚುಚ್ಚಲು ಒಂದು ಸ್ಟೀಲಿನ ಬಿಲ್ಲೆ ಇದೆ. ಅಂಗೈಯಷ್ಟು ಅಗಲ, ಕಿರುಬೆರಳಿನಷ್ಟು ದಪ್ಪ, ಮೈತುಂಬ ಸಣ್ಣ ಸಣ್ಣ ತೂತು. ತೂತುಗಳು ಒಂದರ ಸುತ್ತ ಇನ್ನೊಂದು ಬಳೆ ತೊಡಿಸಿದ ಹಾಗೆ ಸುತ್ತು ಸುತ್ತಾಗಿ ಕೂತಿವೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮೊನ್ನೆ ಅರಿಶಿನ ಕುಂಕುಮಕ್ಕೆ ಬಂದಿದ್ದ ಪಕ್ಕದ ಮನೆಯವರು ಅದನ್ನು ನೋಡಿ, "ಎಷ್ಟು ಚೆನ್ನಾಗಿದೆ ಮೇಡಂ, ಎಲ್ಲಿ ತಗೊಂಡ್ರಿ?" ಎಂದು ಕೇಳಿದರು. "ಅಂಗಡೀಲಿ ಸಿಗಲ್ಲ, ನಾನೇ ಡಿಸೈನ್ ಮಾಡಿದ್ದು" ಎಂದೆ. ಅವರ ಮುಖದಲ್ಲಿ ಮೂಡಿದ ಗೌರವವನ್ನು ಕಳೆದುಕೊಳ್ಳಲು ಮನಸ್ಸಾಗದೆ ಮುಂದಿನ ಕಥೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಅವರಿಗೆ ಮಾತ್ರ ಹೇಳಬೇಡಿ. ಅದು ಊದುಬತ್ತಿಗೆ ಮಾಡಿದ್ದಲ್ಲ, ಶಾವಿಗೆ ಒತ್ತಲು ಮಾಡಿದ್ದು. ಅದರಿಂದ ಇವತ್ತಿನವರೆಗೆ ನೆಟ್ಟಗಿರುವ ಒಂದು ಬಟ್ಟಲು ಶಾವಿಗೆ ಬಂದಿಲ್ಲ.

ಈಗ ನನ್ನ ಹೊಟ್ಟೆಪಾಡೇ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವುದು. ಬೆಳಗ್ಗೆಯಿಂದ ಸಂಜೆಯವರೆಗೆ ಕಂಪ್ಯೂಟರಿನ ಮುಂದೆ ಕೂತು ಬುಷ್ಷು, ಬ್ರಾಕೆಟ್ಟು, ಗೇರು, ಮುಚ್ಚಳ ಎಂದು ಏನಾದರೊಂದನ್ನು ತಿರುಗಿಸುತ್ತಿರುತ್ತೇನೆ. ಅಪ್ಪ ನೆಂಟರಿಗೆ ನನ್ನನ್ನು ಪರಿಚಯ ಮಾಡಿಕೊಡುವುದು, "ನಮ್ ಉಡ್ಗಿ ಕಂಪ್ಯೂಟರ್‌ನಾಗೆ ನಟ್ಟು ಬೋಲ್ಟು ಬರೀತಾಳೆ" ಎಂದು. ಕೇಳಿದವರು ನನ್ನನ್ನು ಪಾಪ ಎನ್ನುವಂತೆ ನೋಡುತ್ತಾರೆ. ಒಬ್ಬರಂತೂ, "ಆಗ್ಲಿ ಬುಡವ್ವ, ಮುಂದಕ್ಕೆ ಒಳ್ಳೇ ಕೆಲ್ಸ ಸಿಗ್ತದೆ" ಎಂದು ಸಮಾಧಾನವನ್ನೂ ಹೇಳಿದ್ದರು. ಈ ವಿದ್ಯೆಯನ್ನು ನಾನು ಹಾಸನದ ಒಂದು ಸಂಸ್ಥೆಯಲ್ಲಿ ಆರು ತಿಂಗಳು ಕಲಿತೆ ಎಂದು ಗೋಡೆಯ ಮೇಲಿನ ಸರ್ಟಿಫಿಕೇಟು ಹೇಳುತ್ತದೆ. ಸರ್ಟಿಫಿಕೇಟಿಗೆ ಗೌರಮ್ಮ ದೊಡ್ಡವ್ವ ಗೊತ್ತಿಲ್ಲ, ಪಾಪ.

ನಮ್ಮೂರು ಕೊಣನೂರು. ನಮ್ಮ ಬೀದಿಯಲ್ಲಿ ಆಗ ಒಂದು ಪದ್ಧತಿ ಇತ್ತು. ಯಾರೂ ಕೂತು ಗೊತ್ತುಮಾಡಿದ್ದಲ್ಲ. ಒಂದು ಮನೆಯಲ್ಲಿರುವ ದೊಡ್ಡ ಸಾಮಾನನ್ನು ಇನ್ನೊಂದು ಮನೆಯವರು ಕೊಳ್ಳುತ್ತಿರಲಿಲ್ಲ. ತಾಮ್ರದ ದೊಡ್ಡ ಹಂಡೆ ನಮ್ಮದು. ಹೆಂಚು ಕೈಯಾಡಿಸುವ ಉದ್ದ ಏಣಿ ಮೂಲೆಮನೆಯವರದು. ಶಾವಿಗೆ ಒರಳು ಗೋಡೆಯಾಚೆಯ ಗೌರಮ್ಮ ದೊಡ್ಡವ್ವನದು. ಬೇಕಾದವರು ಹೋಗಿ ಬಾಗಿಲಲ್ಲಿ ನಿಂತು ಕೇಳಬೇಕು, ಅವರು ಕೊಡಬೇಕು. ಕೇಳಲು ಹೋದವರು ಅರ್ಧ ಗಂಟೆ ಕೂತು, ಊರ ಸುದ್ದಿಯೆಲ್ಲ ಮುಗಿಸಿ, ಕೇಳಲು ಬಂದದ್ದನ್ನೇ ಮರೆತು ಬರಿಗೈಯಲ್ಲಿ ವಾಪಸಾಗಿ, ಮತ್ತೆ ಹೋಗುವುದೂ ಇತ್ತು. ನಮ್ಮವ್ವ ಹಾಗೆ ದಿನಕ್ಕೆ ಮೂರು ಸಲ ಹೋಗುತ್ತಿದ್ದಳು.

ಗೌರಮ್ಮ ದೊಡ್ಡವ್ವ ರಕ್ತಸಂಬಂಧದಲ್ಲಿ ನಮಗೇನೂ ಆಗಬೇಕಿರಲಿಲ್ಲ. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಅವಳನ್ನು "ಗೌರಕ್ಕ" ಎಂದು ಕರೆದಳಂತೆ. ಹಾಗಾಗಿ ನಾನು ಹುಟ್ಟುವಾಗಲೇ ನನಗೆ ದೊಡ್ಡವ್ವ ಸಿದ್ಧವಾಗಿದ್ದಳು. ಎತ್ತರದ ಹೆಂಗಸು, ದೊಡ್ಡ ದನಿ, ಬೀದಿಯ ಆ ತುದಿಯಲ್ಲಿ ಯಾರಾದರೂ ತಪ್ಪು ಮಾಡಿದರೆ ಈ ತುದಿಯಿಂದಲೇ ಬೈಯಬಲ್ಲವಳು. ಅವಳ ಒರಳು ಮೂರು ಕಾಲಿನ ಕಬ್ಬಿಣದ್ದು. ನಡುವೆ ಕೊಳವೆ, ಮೇಲೆ ತಿರುಪು, ತಿರುಪಿಗೆ ಎರಡು ಕಡೆಯೂ ಹಿಡಿ. ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿಯಾಗಿರುವಾಗಲೇ ಕೊಳವೆಗೆ ತುಂಬಿ ಹಿಡಿ ತಿರುಗಿಸಿದರೆ, ತಳದಲ್ಲಿರುವ ತೂತಿನ ಬಿಲ್ಲೆಯಿಂದ ಶಾವಿಗೆ ಎಳೆಯಾಗಿ ಇಳಿಯುತ್ತದೆ. ಆ ಬಿಲ್ಲೆ ಕಂಚಿನದು. ದೊಡ್ಡವ್ವ ಚನ್ನರಾಯಪಟ್ಟಣದ ಕಡೆಯ ಬಾಗೂರಿನವಳು. ಬಿಲ್ಲೆ ಅವಳ ತವರಿನಿಂದ ಬಂದದ್ದು.

ಶಾವಿಗೆ ಒತ್ತುವ ದಿನ ನಮ್ಮ ಮನೆಯಲ್ಲಿ ಬೆಳಗ್ಗೆಯಿಂದಲೇ ಏಲಕ್ಕಿಯ ವಾಸನೆ. ಕಾಯಿ ತುರಿದು ತುರಿದು ನನ್ನ ಕೈ ಸೋಲುತ್ತಿತ್ತು. ತುರಿದದ್ದರಲ್ಲಿ ಕಾಲುಭಾಗ ಬಾಯಿಗೆ ಹೋಗುತ್ತಿದ್ದುದರಿಂದ ಬೇಸರ ಮಾತ್ರ ಆಗುತ್ತಿರಲಿಲ್ಲ. ಅವ್ವ ಹಿಡಿ ತಿರುಗಿಸುವುದು, ದೊಡ್ಡವ್ವ ಕೆಳಗೆ ತಟ್ಟೆ ಹಿಡಿದು ಎಳೆಗಳನ್ನು ಸುರುಳಿ ಸುತ್ತಿಸುವುದು. ಇಬ್ಬರ ಬಾಯಿಗೂ ಬಿಡುವಿರಲಿಲ್ಲ. ಕಾಯಿಹಾಲಿನಲ್ಲಿ ಮುಳುಗಿದ ಶಾವಿಗೆಯನ್ನು ನಾನು ಎಷ್ಟು ತಿನ್ನುತ್ತಿದ್ದೆನೆಂದರೆ, ಆಮೇಲೆ ಗೋಡೆ ಹಿಡಿದುಕೊಂಡೇ ಏಳಬೇಕಾಗುತ್ತಿತ್ತು.

ಆ ಬಿಲ್ಲೆಯನ್ನು ಒಡೆದವಳು ನಾನು. ಡಿಪ್ಲೊಮಾ ಎರಡನೆಯ ವರ್ಷ, ಮೆಕ್ಯಾನಿಕಲ್. ತರಗತಿಯಲ್ಲಿ ತಿರುಪಿನ ಪಾಠ ಆಗಿತ್ತು, ಉದ್ದ ಹಿಡಿಯಿದ್ದರೆ ಕಡಿಮೆ ಬಲ ಸಾಕು ಎನ್ನುವ ಸತ್ಯ ನನಗೆ ಹೊಸದಾಗಿ ದೊರಕಿತ್ತು. ರಜೆಗೆ ಬಂದವಳು ಶಾವಿಗೆ ಒರಳಿನ ಮುಂದೆ ನಿಂತು ಇಬ್ಬರು ಹೆಂಗಸರಿಗೆ ಅದನ್ನು ವಿವರಿಸತೊಡಗಿದೆ. ವಿವರಿಸುವುದರಲ್ಲಿ ಹಿಟ್ಟು ಆರಿ ಗಟ್ಟಿಯಾಯಿತು. "ಸಾಕು ಬುಡು ಮಗ, ಇಟ್ಟು ತಣ್ಣಗಾಯ್ತು, ತಗ್ದು ಮತ್ತೆ ಬೇಯ್ಸಾನ" ಎಂದಳು ದೊಡ್ಡವ್ವ. ನಾನು ಕೇಳಲಿಲ್ಲ. ಹಿತ್ತಲಿನಿಂದ ನೀರಿನ ಪೈಪಿನ ತುಂಡೊಂದನ್ನು ತಂದು ಹಿಡಿಗೆ ತೂರಿಸಿ, ಉದ್ದ ಮಾಡಿಕೊಂಡು, ಒಂದೇ ಎಳೆತ ಎಳೆದೆ. ಟಪ್ ಎಂದಿತು. ಕೆಳಗಿನ ತಟ್ಟೆಗೆ ಶಾವಿಗೆಯ ಬದಲು ಬಿಲ್ಲೆಯ ಎರಡು ಹೋಳು ಬಿದ್ದವು.

ದೊಡ್ಡವ್ವ ಬೈಯಲಿಲ್ಲ. ಬೀದಿಯ ತುದಿಗೆ ಕೇಳುವಂತೆ ಬೈಯುವವಳು ಆವತ್ತು ಸುಮ್ಮನೆ ಒರಳನ್ನು ಎತ್ತಿಕೊಂಡು ಮನೆಗೆ ಹೋದಳು. ಅವ್ವ ಹೋಳುಗಳನ್ನು ತೊಳೆದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಟ್ರಂಕಿನಲ್ಲಿಟ್ಟಳು. ಅವಳಿಗೆ ಎಷ್ಟು ನಾಚಿಕೆಯಾಗಿತ್ತೆಂದರೆ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋಗಿ ಪಾತ್ರೆ ಅಂಗಡಿಯಿಂದ ಕೈಯಲ್ಲಿ ಒತ್ತುವ ಸಣ್ಣ ಅಲ್ಯೂಮಿನಿಯಂ ಒರಳು ತಂದಳು. ಇನ್ನು ಗೌರಕ್ಕನ ಮುಂದೆ ಕೈಯೊಡ್ಡಿ ಅವಳಿಗೆ ಒಡೆದದ್ದನ್ನು ನೆನಪಿಸುವುದು ಬೇಡ ಎಂದು ಅವಳ ಲೆಕ್ಕಾಚಾರ. ದೊಡ್ಡವ್ವ ಅದನ್ನು ಜಗಲಿಯ ಮೇಲೆ ನೋಡಿದಳು. "ಓ, ನಿಂದೇ ಬಂತಲ್ಲ, ಒಳ್ಳೇದಾಯ್ತು ಬುಡು" ಎಂದಳು. ಆವತ್ತಿನಿಂದ ಅವಳು ನಮ್ಮ ಮನೆಯೊಳಗೆ ಬರುವುದು ನಿಂತಿತು. ಅವ್ವ ಅವಳ ಮನೆಗೆ ಹೋಗುವುದೂ ನಿಂತಿತು.

ಜಗಳವಲ್ಲ. ಜಗಳವಾಗಿದ್ದರೆ ಯಾರಾದರೂ ರಾಜಿ ಮಾಡಿಸುತ್ತಿದ್ದರು. ನಲ್ಲಿಯ ಹತ್ತಿರ ಸಿಕ್ಕಿದರೆ "ಊಟ ಆಯ್ತಾ?" "ಊಂ, ನಿಂದು?" ಅಷ್ಟೆ. ದಿನಕ್ಕೆ ಮೂರು ಸಲ ಗೋಡೆಯಾಚೆ ಹೋಗುತ್ತಿದ್ದ ಅವ್ವ ಮಧ್ಯಾಹ್ನದ ಹೊತ್ತು ಏನು ಮಾಡಬೇಕೆಂದು ತಿಳಿಯದೆ ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುವುದನ್ನು ನೋಡಿದ್ದೇನೆ. ಎರಡು ವರ್ಷ ಹೀಗೇ ಹೋಯಿತು. ನನ್ನ ಒಂದು ತುಂಡು ಪೈಪಿನಿಂದ ಅವ್ವನಿಗೆ ಇದ್ದ ಒಬ್ಬಳೇ ಗೆಳತಿ ಇಲ್ಲದಂತಾದಳಲ್ಲ ಎಂದು ನನಗೆ ಒಳಗೊಳಗೇ ಸಂಕಟ. ಇಬ್ಬರನ್ನೂ ಮತ್ತೆ ಒಂದೇ ಜಗಲಿಯಲ್ಲಿ ಕೂರಿಸಬೇಕು ಎನ್ನುವ ಆಸೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಡಿಪ್ಲೊಮಾ ಮುಗಿದ ಮೇಲೆ ಹಾಸನದಲ್ಲಿ ಕಂಪ್ಯೂಟರ್ ಡಿಸೈನ್ ಕೋರ್ಸಿಗೆ ಸೇರಿದೆ. ಬೆಳಗ್ಗೆ ಕೊಣನೂರಿನಲ್ಲಿ ಬಸ್ಸು ಹತ್ತಿದರೆ ಅರಕಲಗೂಡಿನವರೆಗೆ ನಿದ್ದೆ, ಅಲ್ಲಿಂದ ಆಚೆಗೆ ನಿಂತಿರುವವರ ಚೀಲಗಳು ತಲೆಗೆ ತಾಗಿ ಎಚ್ಚರ. ಹೊಗೆಸೊಪ್ಪು ಹದ ಮಾಡುವ ಕಾಲದಲ್ಲಿ ಬಸ್ಸಿನ ಸೀಟಿಗೂ ಅದೇ ವಾಸನೆ, ನನ್ನ ಪುಸ್ತಕಕ್ಕೂ ಅದೇ ವಾಸನೆ. ಆಲೂಗೆಡ್ಡೆಯ ಕಾಲದಲ್ಲಿ ಮೂಟೆಯ ಮೇಲೇ ಕೂತು ಪ್ರಯಾಣ. ಸಂಸ್ಥೆ ಇದ್ದದ್ದು ಒಂದು ಬೇಕರಿಯ ಮೇಲ್ಮಹಡಿಯಲ್ಲಿ. ಹನ್ನೊಂದು ಗಂಟೆಗೆ ಕೆಳಗೆ ಬನ್ನು ಬೇಯುವ ವಾಸನೆ ಮೆಟ್ಟಿಲು ಹತ್ತಿ ಬಂದರೆ, ಅಲ್ಲಿಂದ ಮುಂದಕ್ಕೆ ಯಾರಿಗೂ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಈಗಲೂ ಬೇಕರಿ ಮುಂದೆ ಹಾದುಹೋದರೆ ನನಗೆ ಗೇರಿನ ಹಲ್ಲುಗಳೇ ನೆನಪಾಗುತ್ತವೆ.

ಕಲಿಸುವವರು ಲೋಕೇಶ್ ಸರ್. ಸಣ್ಣ ದನಿ, ದೊಡ್ಡ ತಾಳ್ಮೆ. ಪರದೆಯ ಮೇಲೆ ನಾವು ಗೆರೆ ಎಳೆದರೆ ಅದು ಮೊದಲು ನೀಲಿಯಾಗಿರುತ್ತದೆ. ಅಳತೆಗಳನ್ನೆಲ್ಲ ಸರಿಯಾಗಿ ಕೊಟ್ಟ ಮೇಲೆ ಕಪ್ಪಾಗುತ್ತದೆ. ಒಂದು ಅಳತೆ ಬಿಟ್ಟರೂ ನೀಲಿ, ಎಳೆದರೆ ಎಳೆದತ್ತ ಜಾರುತ್ತದೆ. ಒಂದು ಅಳತೆ ಹೆಚ್ಚು ಕೊಟ್ಟರೆ ಕೆಂಪಾಗಿ ಕೂಗಾಡುತ್ತದೆ. ನನ್ನದು ಮೊದಲ ವಾರವಿಡೀ ಕೆಂಪು. ಚನ್ನರಾಯಪಟ್ಟಣದಿಂದ ಬರುತ್ತಿದ್ದ ಗೆಳತಿ ನನ್ನ ಪರದೆಯ ಕಡೆ ನೋಡಿ, "ನಿಂದೇನೇ, ಮದುವೆ ಮನೆ ಲೈಟಿಂಗಾ?" ಎನ್ನುತ್ತಿದ್ದಳು. ಜೊತೆಗೆ ಕರೆಂಟು. ಮುಕ್ಕಾಲು ಗಂಟೆ ಒದ್ದಾಡಿ ಒಂದು ಬೋಲ್ಟಿಗೆ ತಲೆ ಕೂರಿಸುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು, ಬೋಲ್ಟಿನ ತಲೆಯೂ ಹೋಗುತ್ತಿತ್ತು. ನಿಮಿಷಕ್ಕೊಮ್ಮೆ ಸೇವ್ ಒತ್ತುವ ಅಭ್ಯಾಸ ಎಡಗೈಗೆ ಎಷ್ಟು ಅಂಟಿತೆಂದರೆ, ಮನೆಯಲ್ಲಿ ಚಪಾತಿ ಲಟ್ಟಿಸುವಾಗಲೂ ಎರಡು ಬೆರಳು ಕಟ್ಟೆಯ ಮೇಲೆ ತಾನಾಗಿ ಒತ್ತುತ್ತಿದ್ದವು.

ಎರಡನೆಯ ವಾರ ಸರ್ ಒಂದು ವೃತ್ತ ಬರೆದು, ಅದನ್ನು ಮೌಸಿನಿಂದ ಹಿಡಿದು ಮೇಲಕ್ಕೆಳೆದರು. ವೃತ್ತ ಉದ್ದವಾಗಿ ಬೆಳೆದು ಕೋಲಾಯಿತು. "ಇದಕ್ಕೆ ಎಕ್ಸ್‌ಟ್ರೂಡ್ ಅಂತಾರೆ. ಅರ್ಥ ಆಯ್ತಾ? ತೂತಿನ ಮೂಲಕ ತಳ್ಳಿದರೆ ತೂತಿನ ಆಕಾರವೇ ಉದ್ದಕ್ಕೆ ಬರುತ್ತೆ" ಎಂದರು. ನನಗೆ ಅರ್ಥವಾಗುವುದಕ್ಕೆ ಮುಂಚೆಯೇ ಮೂಗಿಗೆ ಏಲಕ್ಕಿ ವಾಸನೆ ಬಂದಂತಾಯಿತು. ಇದು ಶಾವಿಗೆಯಲ್ಲವೇ! ಅದೇ ವಾರ ಒಂದು ತೂತು ಬರೆದು ಅದನ್ನು ಒಂದೇ ಸಲಕ್ಕೆ ಸುತ್ತಲೂ ನೂರಾಗಿ ಹರಡುವುದನ್ನೂ ಕಲಿಸಿದರು. ಇನ್ನೇನು ಬೇಕು? ಬಿಲ್ಲೆ ಮಾಡಲು ಬೇಕಾದ ವಿದ್ಯೆಯೆಲ್ಲ ನನ್ನ ಕೈಗೆ ಬಂದಿತ್ತು. ಕನಿಷ್ಠ ನಾನು ಹಾಗೆಂದುಕೊಂಡೆ.

ಟ್ರಂಕಿನಿಂದ ಎರಡು ಹೋಳುಗಳನ್ನು ಅವ್ವನಿಗೆ ಗೊತ್ತಿಲ್ಲದಂತೆ ತೆಗೆದು, ಊಟದ ಡಬ್ಬಿಯ ಚೀಲದಲ್ಲಿ ಹಾಸನಕ್ಕೆ ಒಯ್ದೆ. ಸರ್ ಹತ್ತಿರ ವರ್ನಿಯರ್ ಕೇಳಿಕೊಂಡು ಅಳೆದೆ. ನಡುವೆ ಹತ್ತು ಮಿಲಿಮೀಟರ್ ದಪ್ಪ, ಅಂಚಿಗೆ ಹೋಗುತ್ತ ಹೋಗುತ್ತ ಆರು. ಹಿಂದಿನ ದಿನವಷ್ಟೇ ಸರ್ ಹೇಳಿದ್ದರು: ಹಳೆಯ ಭಾಗ ನೋಡಿ ನಕ್ಷೆ ಬರೆಯುವಾಗ ಸವೆತವನ್ನೂ ಸೇರಿಸಿ ಬರೆಯಬಾರದು, ಹೊಸದಾಗಿದ್ದಾಗ ಅದು ಹೇಗಿತ್ತು ಎಂದು ಯೋಚಿಸಿ ಬರೆಯಬೇಕು. ಎಂಥ ಒಳ್ಳೆಯ ಮಾತು! ಹುಣಸೆಹಣ್ಣು ಹಾಕಿ ಎಷ್ಟು ವರ್ಷ ತಿಕ್ಕಿದರೋ, ಪಾಪ, ಅಂಚು ಸವೆದುಹೋಗಿದೆ ಎಂದು ನಾನು ತೀರ್ಮಾನಿಸಿದೆ. ಬಿಲ್ಲೆಯ ಉದ್ದಗಲಕ್ಕೂ ಹತ್ತು ಮಿಲಿಮೀಟರ್ ಕೊಟ್ಟೆ. ಒಂದಿಷ್ಟು ಓರೆಕೋರೆ ಇದ್ದ ತೂತುಗಳನ್ನೂ ಸಾಲಿಗೆ ತಂದೆ. ಗೆರೆಗಳೆಲ್ಲ ಕಪ್ಪಾದವು. ಸರ್ ಅದನ್ನು ಪ್ರಿಂಟು ತೆಗೆದು ಗೋಡೆಗೆ ಅಂಟಿಸಿದರು. ಗೆಳತಿ ಎದ್ದು ಬಂದು ತೂತುಗಳನ್ನು ಎಣಿಸಿ ನೋಡಿದಳು.

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇಟ್ಟಿದ್ದ ನಜೀರಣ್ಣ, ಲೋಕೇಶ್ ಸರ್‌ಗೆ ಸ್ನೇಹಿತರು. ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ್ ಸಿಸ್ಟರ್ ಇದು, ಸೊಳ್ಳೆಗೆ ಕಿಟಕೀನಾ?" ಎಂದರು. ಶಾವಿಗೆಗೆ ಎಂದೆ. "ಅರೆ! ಹಾಗಿದ್ರೆ ನಮ್ ಮನೇಗೂ ಒಂದ್ ಡಬ್ಬಿ ಬರ್ಬೇಕು" ಎಂದು ಸ್ಟೀಲಿನಲ್ಲಿ ಮಾಡಿಕೊಟ್ಟರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಸ್ಸಿನಲ್ಲಿ ಕೊಣನೂರು ಬರುವವರೆಗೆ ಅದನ್ನು ಕಾಗದದಿಂದ ಬಿಚ್ಚಿ ಬಿಚ್ಚಿ ನೋಡಿದೆ.

ಹೊತ್ತು ಕೂಡಿ ಬಂದಿತ್ತು. ಆ ಭಾನುವಾರ ಬಾಗೂರಿನಿಂದ ದೊಡ್ಡವ್ವನ ತಮ್ಮ ಬರುವವನಿದ್ದ. ತವರಿನ ಬಿಲ್ಲೆ ಒಡೆದದ್ದನ್ನು ಅವಳು ತವರಿಗೆ ಹೇಳಿರಲಿಲ್ಲ. ಬಂದವನು ಶಾವಿಗೆ ಕೇಳುತ್ತಾನೆ ಎನ್ನುವ ಅಂಜಿಕೆ ಅವಳಿಗಿದೆ ಎಂದು ನಲ್ಲಿಯ ಹತ್ತಿರ ಕೇಳಿ ತಿಳಿದಿದ್ದೆ. ಶನಿವಾರ ಸಂಜೆ ಹೋಗಿ ಬಿಲ್ಲೆಯನ್ನು ಅವಳ ಕೈಗಿಟ್ಟೆ. "ದೊಡ್ಡವ್ವ, ನಾನೇ ಮಾಡ್ಸಿದ್ದು. ಕಂಪ್ಯೂಟರ್‌ನಾಗೆ ಬರ್ದು." ಅವಳು ಅದನ್ನು ಒಂದು ಸಲ ತಿರುವಿ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನಾದಳು. "ಇರ್ಲಿ ಕಣ್ ಮಗ, ನೋಡಾನ" ಎಂದಳು.

ಭಾನುವಾರ ನಾನೂ ಅವಳ ಅಡುಗೆಮನೆಯಲ್ಲಿದ್ದೆ. ಅವ್ವ ಬರಲಿಲ್ಲ, ಗೋಡೆಯೀಚೆಗೆ ಕೂತು ಕಿವಿಯನ್ನು ಮಾತ್ರ ಆಚೆಗೆ ಕಳಿಸಿದ್ದಳು. ದೊಡ್ಡವ್ವ ಹಿಡಿ ತಿರುಗಿಸಿದಳು. ನಡುವಿನ ತೂತುಗಳಿಂದ ಎಳೆಗಳು ನುಗ್ಗಿಕೊಂಡು ಇಳಿದವು. ಅಂಚಿನವು ಬರಲೋ ಬೇಡವೋ ಎಂದು ಒಂದೊಂದೇ ತಲೆ ಹಾಕಿ, ಅರ್ಧಕ್ಕೆ ತುಂಡಾಗಿ, ನಡುವಿನವುಗಳ ಮೇಲೆ ಬಿದ್ದು ಅಂಟಿಕೊಂಡವು. ಎಷ್ಟು ಸಲ ತುಂಬಿ ಒತ್ತಿದರೂ ತಟ್ಟೆಯಲ್ಲಿ ಸುರುಳಿಯಿಲ್ಲ, ಬರೀ ಗಂಟು. ಬೇರೆ ದಾರಿಯಿಲ್ಲದೆ ಅದನ್ನೇ ಬಡಿಸಿದಳು. ಬಾಗೂರಿನ ತಮ್ಮ ತಟ್ಟೆ ನೋಡಿ, "ಇದೇನಕ್ಕ, ಉಪ್ಪಿಟ್ಟಾ?" ಎಂದು ನಕ್ಕ.

ದೊಡ್ಡವ್ವ ಒಂದು ಕ್ಷಣವೂ ತಡೆಯಲಿಲ್ಲ. "ಇಟ್ಟು ಸರಿಯಾಗಿ ಬೇಯ್ಲಿಲ್ಲ ಕಣ್ಲಾ. ವಯಸ್ಸಾಯ್ತು ನೋಡು, ಹದ ಗೊತ್ತಾಗಾಕಿಲ್ಲ ಈಗ" ಎಂದಳು. ಕೊಣನೂರಿನಲ್ಲಿ ಅವಳಷ್ಟು ಹದವಾಗಿ ಹಿಟ್ಟು ಬೇಯಿಸುವವರು ಇನ್ನೊಬ್ಬರಿರಲಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ತನ್ನ ತಮ್ಮನ ಮುಂದೆ ನನ್ನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. ನಾನು ನೀರು ಕುಡಿಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅತ್ತೆ.

ಮಾರನೆಯ ದಿನ ಹೋಳುಗಳನ್ನು ತೆಗೆದುಕೊಂಡು ಅವಳ ಮುಂದೆ ಕೂತೆ. ಎರಡನ್ನೂ ಜೋಡಿಸಿ ಹಿಡಿದು ಅವಳು ಹೆಬ್ಬೆರಳನ್ನು ನಡುವಿನಿಂದ ಅಂಚಿಗೆ ಎಳೆದಳು.

"ಈ ಅಂಚು ಯಾಕೆ ತೆಳ್ಳಗೈತೆ ಅಂದ್ಕಂಡಿದ್ದೆ?"

"ತಿಕ್ಕಿ ತಿಕ್ಕಿ ಸವ್ದೈತೆ ಅಂದ್ಕಂಡೆ."

"ಸವ್ಯಾಕೆ ಇದೇನು ಚಪ್ಲಿನಾ? ಮೇಲಿಂದ ತಿರುಗ್ಸುದ್ರೆ ಇಟ್ಟು ಮದ್ಯದಾಗೇ ಜಾಸ್ತಿ ನುಗ್ತದೆ. ಅಂಚಿನ ಇಟ್ಟು ಕೊಳ್ವೆ ಗ್ವಾಡೆ ಇಡ್ಕಂಡು ನಿಧಾನಕ್ಕೆ ಬತ್ತದೆ. ಅದ್ಕೇ ಮದ್ಯದೋವ್ಕೆ ದಾರಿ ಉದ್ದ ಮಡ್ಗವ್ರೆ, ಅಂಚಿನೋವ್ಕೆ ಗಿಡ್ಡ. ಆಗ ಎಲ್ಲಾ ಒಂದೇ ಸಮಕ್ಕೆ ಈಚೆ ಬತ್ತವೆ."

ನಾನೂ ಹೋಳುಗಳ ಮೇಲೆ ಹೆಬ್ಬೆರಳು ಎಳೆದು ನೋಡಿದೆ. ಮೂರು ವರ್ಷದ ಡಿಪ್ಲೊಮಾ, ಅದರ ಮೇಲೆ ಕೋರ್ಸು. "ಮೊದ್ಲೇ ಯಾಕೆ ಯೇಳ್ಲಿಲ್ಲ ದೊಡ್ಡವ್ವ?" ಎಂದೆ. "ಅಷ್ಟು ಆಸೆಯಿಂದ ತಂದಿದ್ದೆ. ಓದ್ದೋಳು, ಏನೋ ಹೊಸಾ ಲೆಕ್ಕ ಇದ್ದಾತು ಅಂದ್ಕಂಡೆ" ಎಂದಳು. ಆಮೇಲೆ ನಗುತ್ತಾ ಇನ್ನೊಂದು ವಿಷಯ ಹೇಳಿದಳು. ಮೊದಲು ಅವಳಪ್ಪನೂ ಚಪ್ಪಟೆ ಬಿಲ್ಲೆಯನ್ನೇ ಎರಕ ಹುಯ್ಯಿಸಿದ್ದನಂತೆ. ಅವಳವ್ವ ಕೆಂಪಮ್ಮ ಒತ್ತಿ ನೋಡಿ ಅದನ್ನು ಬೀದಿಗೆ ಎಸೆದಳಂತೆ. ಎರಡನೆಯದನ್ನೂ ಎಸೆದಳಂತೆ. ಮೂರನೆಯದು ಇದು.

ಆ ವಾರವೇ ದೊಡ್ಡವ್ವ ಹಾಸನಕ್ಕೆ ಬಂದಳು. "ಕಾಗ್ದದ ಮ್ಯಾಗೆ ನೋಡಿ ನಂಗೇನೂ ಗೊತ್ತಾಗಕಿಲ್ಲ, ಆ ಮಿಶಿನ್ನೇ ನೋಡ್ಬೇಕು ನಡಿ" 
ಎಂದು ತಾನೇ ಹೊರಟಳು. ಸಂಸ್ಥೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಸರಿ ಮಾಡಿಕೊಂಡು, ನನ್ನ ಕುರ್ಚಿಯಲ್ಲಿ ಕೂತಳು. ನಾನು ಹೆಮ್ಮೆಯಿಂದ ಬಿಲ್ಲೆಯನ್ನು ಪರದೆಯ ಮೇಲೆ ತಿರುಗಿಸಿ ತೋರಿಸಿದೆ. "ಅದ್ಯಾಕಂಗೆ ಗರಗರ ಅಂತ ಸುತ್ತುಸ್ತೀಯೆ, ತಲೆ ತಿರುಗ್ತದೆ, ನಿಲ್ಸು" ಎಂದು ಗದರಿದಳು. ಉಳಿದ ಹುಡುಗರೆಲ್ಲ ತಮ್ಮ ಗೇರುಗಳನ್ನು ಬಿಟ್ಟು ನಮ್ಮ ಸುತ್ತ ನೆರೆದರು. ಬಿಲ್ಲೆಯನ್ನು ನಡುವೆ ಸೀಳಿ ಒಳಗನ್ನು ತೋರಿಸಿದಾಗ ಮಾತ್ರ ಅವಳು ಮುಂದಕ್ಕೆ ಬಾಗಿದಳು. "ಆ, ಈಗ ಕಾಣ್ತು. ಕುಂಬ್ಳಕಾಯಿ ಹೆಚ್ಚಿದಂಗೆ ಕಾಣ್ತದೆ. ಇಲ್ಲಿ ಇಳ್ಸು. ಇನ್ನೂ ವಸಿ. ಸಾಕು." ಪರದೆಗೆ ಹೆಬ್ಬೆರಳು ಒತ್ತಿ ತೋರಿಸುತ್ತಿದ್ದಳು, ಪರದೆ ಎಲ್ಲಿ ಒಡೆಯುತ್ತದೋ ಎಂದು ಸರ್ ಒದ್ದಾಡುತ್ತಿದ್ದರು.

"ಸಾ, ಒಂದ್ ಮಾತು" ಎಂದಳು ಕೊನೆಗೆ. "ಈ ಮಿಶಿನ್ಗೆ ಇಟ್ಟು ಹೆಂಗಿರ್ತದೆ ಅಂತ ಗೊತ್ತಾ?"

ಸರ್ ಸ್ವಲ್ಪ ಯೋಚಿಸಿದರು. "ಇಲ್ಲಮ್ಮ, ಗೊತ್ತಿಲ್ಲ. ನಾವು ಹೇಳಿದ್ದಷ್ಟೇ ಗೊತ್ತು."

"ಅಂಗಾದ್ರೆ ಇವ್ಳದ್ದೇನೂ ತಪ್ಪಿಲ್ಲ ಬುಡಿ. ಇವ್ಳಿಗೂ ನಾವು ಯೇಳಿರ್ಲಿಲ್ಲ."

ನಕ್ಷೆಯ ಕೆಳಗೆ ಬಲಮೂಲೆಯಲ್ಲಿ ಒಂದು ಚೌಕ ಇರುತ್ತದೆ. ಬರೆದವರು ಯಾರು, ಪರಿಶೀಲಿಸಿದವರು ಯಾರು ಎಂದು ಅಲ್ಲಿ ತುಂಬಬೇಕು. ಬರೆದವಳು ನಾನು. ಪರಿಶೀಲಿಸಿದವರ ಜಾಗದಲ್ಲಿ ದೊಡ್ಡವ್ವನ ಹೆಸರು ಹಾಕಿ ಎಂದರು ಸರ್. ಅವಳು ಒಪ್ಪಲಿಲ್ಲ. "ನಮ್ಮವ್ವನ ಎಸ್ರು ಹಾಕು. ಬೀದಿಗೆಸ್ದು ಪಾಸು ಮಾಡ್ದೋಳು ಅವ್ಳಲ್ವಾ?" ಹಾಗಾಗಿ ನಾನು ಬರೆದ ಮೊದಲ ಒಳ್ಳೆಯ ನಕ್ಷೆಯನ್ನು ಪರಿಶೀಲಿಸಿದವರು, ಎಂದೋ ತೀರಿಕೊಂಡ ಬಾಗೂರಿನ ಕೆಂಪಮ್ಮನವರು. ಈಗ ದೊಡ್ಡ ದೊಡ್ಡ ಇಂಜಿನಿಯರುಗಳು ನನ್ನ ನಕ್ಷೆಗೆ ಸಹಿ ಹಾಕುತ್ತಾರೆ; ಒಬ್ಬರೂ ಅದನ್ನು ಬೀದಿಗೆ ಎಸೆಯುವಷ್ಟು ಗಮನವಿಟ್ಟು ನೋಡುವುದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಕಡಲೆಕಾಯಿ ಸುಲಿದು ನನಗೆ ಕೊಡುತ್ತಿದ್ದಳು. ಅರಕಲಗೂಡು ದಾಟಿದ ಮೇಲೆ ಧೈರ್ಯ ಮಾಡಿ ಕೇಳಿದೆ. "ದೊಡ್ಡವ್ವ, ಇನ್ನೂ ಬಿಲ್ಲೆ ಒಡ್ದಿದ್ಕೆ ಅವ್ವನ್ ಮ್ಯಾಲೆ ಕ್ವಾಪನಾ?"

ಅವಳು ಸುಲಿಯುವುದನ್ನು ನಿಲ್ಲಿಸಿದಳು. "ಬಿಲ್ಲೆ ಒಡ್ದಿದ್ಕೆ ಯಾರಾದ್ರೂ ಮಾತು ಬುಡ್ತಾರೇನೆ? ಒಡ್ದೋಗೋ ವಸ್ತ, ಒಡ್ದೋಯ್ತು. ಕೇಳೋರಿದ್ದಿದ್ರೆ ಇನ್ನೊಂದು ಹುಯ್ಯುಸ್ತಿದ್ದೆ. ನಿಮ್ಮವ್ವ ಅಂಗ್ಡಿಯಿಂದ ಒಂದು ತಂದ್ಲಲ್ಲ, ಅದು. ಇನ್ ನಿನ್ ಬಾಗ್ಲಿಗೆ ಬರಾಕಿಲ್ಲ ಅಂತ ಅಂದಂಗಾಯ್ತು ನಂಗೆ. ನಾನಾಗೇ ಓಗಿ, ನನ್ ವರಳು ತಕ್ಕಾ ಅಂತ ಕೊಡಾಕಾಯ್ತದಾ? ಕೇಳ್ದೆ ಎಂಗೆ ಕೊಡ್ಲಿ?"

ಮತ್ತೆ ಕಡಲೆಕಾಯಿ ಸುಲಿಯತೊಡಗಿದಳು. ಎರಡು ವರ್ಷ ನಾನು ಏನನ್ನು ಸರಿಮಾಡಬೇಕೆಂದು ಒದ್ದಾಡಿದ್ದೆನೋ, ಒಡೆದದ್ದು ಅದಲ್ಲವೇ ಅಲ್ಲ. ನನಗೆ ಒಂದು ಕಡೆ ನಗು, ಒಂದು ಕಡೆ ಅಳು. ಅವ್ವ ಅಲ್ಲಿ ನಾಚಿಕೆಯಿಂದ ಕೇಳದೆ ಕೂತಿದ್ದಾಳೆ, ಇವಳು ಇಲ್ಲಿ ಕೇಳಲಿಲ್ಲವೆಂದು ನೊಂದು ಕೂತಿದ್ದಾಳೆ.

ಎರಡನೆಯ ಬಿಲ್ಲೆಯನ್ನು ನಜೀರಣ್ಣ ಕಂಚಿನಲ್ಲೇ ಮಾಡಿಕೊಟ್ಟರು. "ಏನ್ ಸಿಸ್ಟರ್, ಈ ಸಲ ಇದಕ್ಕೆ ಹೊಟ್ಟೆ ಬಂದುಬಿಟ್ಟಿದೆ?" ಎಂದು ನಕ್ಕರು. ದೊಡ್ಡವ್ವ ಅದನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಒರಳಿಗೆ ಹಾಕಿ, ಒಂದು ಹಿಡಿ ಹಿಟ್ಟು ಬೇಯಿಸಿ ಒತ್ತಿದಳು. ನಡುವಿನವೂ ಅಂಚಿನವೂ ಒಂದೇ ಸಮನೆ ಇಳಿದವು. ನನ್ನ ತಲೆ ಸವರಿದಳು. ಆಮೇಲೆ ಒರಳನ್ನು ತೊಳೆದು, ಒರೆಸಿ, ಅಟ್ಟಕ್ಕೆ ಏರಿಸಿದಳು. ಒಂದು ವಾರವಾಯಿತು, ಎರಡು ವಾರವಾಯಿತು, ಕೆಳಗಿಳಿಸಲಿಲ್ಲ. ಯಾರು ಕೇಳಲೆಂದು ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ಬಸ್ಸಿನಲ್ಲಿ ಕೇಳಿದ್ದನ್ನು ಅವ್ವನಿಗೆ ಒಂದಕ್ಷರ ಬಿಡದೆ ಹೇಳಿದೆ. ಅವ್ವ ಸೊಪ್ಪು ಬಿಡಿಸುತ್ತಿದ್ದಳು. ಕೇಳುತ್ತ ಕೇಳುತ್ತ ಬಿಡಿಸಿದ ಸೊಪ್ಪನ್ನು ಕಸಕ್ಕೂ ಕಡ್ಡಿಯನ್ನು ಪಾತ್ರೆಗೂ ಹಾಕಿದಳು. ಎರಡು ದಿನ ಹಾಗೇ ಓಡಾಡಿದಳು. ಮೂರನೆಯ ದಿನ ಬೆಳಗ್ಗೆ ನೋಡಿದರೆ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ತುಂಬ ಅಕ್ಕಿ ನೆನೆದಿತ್ತು. ನಮ್ಮ ಅಲ್ಯೂಮಿನಿಯಂ ಒರಳಿಗೆ ಅಷ್ಟು ಹಿಟ್ಟು ಒತ್ತಬೇಕಾದರೆ ಮೂರು ದಿನ ಬೇಕು.

ಅವ್ವ ತಲೆ ಬಾಚಿಕೊಂಡು, ಸೀರೆ ಬದಲಿಸಿದಳು. ಪಕ್ಕದ ಮನೆಗೆ ಹೋಗಲು ಅವಳು ಸೀರೆ ಬದಲಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನು ನಮ್ಮ ಜಗಲಿಯಲ್ಲಿ ನಿಂತೆ. ಅವ್ವ ಆಚೆಯ ಹೊಸ್ತಿಲ ಮುಂದೆ ನಿಂತಳು. ಒಳಗೆ ಹೋಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು.

"ಗೌರಕ್ಕ, ವರಳು ಕೊಡ್ತೀಯಾ?"

ಒಳಗೆ ಪಾತ್ರೆಯ ಸದ್ದು ನಿಂತಿತು. ಆಮೇಲೆ ದೊಡ್ಡವ್ವನ ದನಿ ಬಂತು. ಬೀದಿಯ ತುದಿಗೆ ಕೇಳುವ ದನಿಯಲ್ಲ, ನಮ್ಮ ಜಗಲಿಗಷ್ಟೇ ಕೇಳುವಂಥದ್ದು.

"ಅಕ್ಕಿ ಎಷ್ಟು ನೆನ್ಸಿದ್ದೀಯೆ?"

"ಎರಡು ಸೇರು ಕಣಕ್ಕ."

"ಎರಡು ಸೇರ್ನಾಗೆ ನಿನ್ ಮನೆಯೋರೇ ಉಣ್ತಾರೆ, ನಾವ್ ಎಲ್ಲಿ ಉಣ್ಣಾದು? ಓಗು, ಇನ್ನೆರಡು ಸೇರು ಆಕು. ನಾನು ವರಳು ಇಳುಸ್ಕಂಡು ಬತ್ತೀನಿ."